ದಿನಕ್ಕೆ ಎರಡೇ ಮೋಟಾರು

ನಾನು ಗಂಡನ ಅಂಗಡಿಯಲ್ಲಿ ಕೂರಲು ಶುರುಮಾಡಿದ ಮೊದಲ ವಾರ ನನ್ನ ಪಾಲಿಗೆ ಬಂದ ಮುಖ್ಯ ಕೆಲಸವೆಂದರೆ ಸುಳ್ಳು ಹೇಳುವುದು. ಫೋನು ಬಡಿದುಕೊಂಡ ಕೂಡಲೇ ಯಜಮಾನರು ಎದ್ದು ಹಿಂದಿನ ಕೋಣೆಗೆ ಹೋಗುತ್ತಿದ್ದರು. ಅಲ್ಲಿಂದಲೇ ಕೈ ಆಡಿಸಿ, ಇಲ್ಲ ಅನ್ನು ಅಂತ ಸನ್ನೆ ಮಾಡುತ್ತಿದ್ದರು. ನಾನು ಫೋನು ಎತ್ತಿ, "ಈಗ ತಾನೆ ಸೈಟಿಗೆ ಓದ್ರು ಕಣಣ್ಣ" ಎನ್ನುತ್ತಿದ್ದೆ. ಆ ಕಡೆಯವರಿಗೆ ನನ್ನ ಮಾತು ನಂಬಿಕೆಯಾಗುತ್ತಿರಲಿಲ್ಲ. ಆಗದಿದ್ದರೂ "ಬಂದಾಗ ಫೋನ್ ಮಾಡಕ್ಕ ಏಳಿ" ಎಂದು ಫೋನು ಇಡುತ್ತಿದ್ದರು. ಬಾಗಿಲಿನ ಮರೆಯಿಂದ ಹೊರಬಂದ ಮನುಷ್ಯನ ಮುಖವನ್ನು ನಾನು ನೋಡುತ್ತಿರಲಿಲ್ಲ. ನೋಡಿದರೆ ಇಬ್ಬರಿಗೂ ನಾಚಿಕೆ.

ನಮ್ಮದು ಕೊಳ್ಳೇಗಾಲದಿಂದ ಹನೂರಿನ ಕಡೆ ಹೋಗುವ ರಸ್ತೆಯಲ್ಲಿ ಕೊಳವೆಬಾವಿಯ ಮೋಟಾರುಗಳನ್ನು ಸುತ್ತಿಕೊಡುವ ಅಂಗಡಿ. ಸುಟ್ಟುಹೋದ ಮೋಟಾರಿನೊಳಗಿನ ತಾಮ್ರದ ತಂತಿಯನ್ನು ಕಿತ್ತು, ಹೊಸ ತಂತಿ ಸುತ್ತಿ, ಮತ್ತೆ ನೀರೆತ್ತುವ ಹಾಗೆ ಮಾಡುವುದು ಕೆಲಸ. ಯಜಮಾನರ ಕೈ ಒಳ್ಳೆಯದು ಅನ್ನುವ ಹೆಸರಿತ್ತು. ಹಾಗಾಗಿ ಯಳಂದೂರು ತಾಲ್ಲೂಕಿನಿಂದಲೂ ಹನೂರಿನ ಕಾಡಂಚಿನ ಊರುಗಳಿಂದಲೂ ಮೋಟಾರುಗಳು ಬರುತ್ತಿದ್ದವು. ಕೆಲವು ಗೂಡ್ಸ್ ಆಟೋದಲ್ಲಿ, ಕೆಲವು ಬೈಕಿನ ಹಿಂದೆ ಗೋಣಿಚೀಲ ಸುತ್ತಿಕೊಂಡು, ಕೆಲವು ಕಂಡಕ್ಟರನ ಕೈಕಾಲು ಹಿಡಿದು ಬಸ್ಸಿನ ಹಿಂದಿನ ಸೀಟಿನಡಿಯಲ್ಲಿ. ಕೆಲಸಕ್ಕೆ ಯಜಮಾನರು, ಅವರ ಜೊತೆಗೆ ಮಾಂಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅರವತ್ತರ ಹತ್ತಿರದ ಒಬ್ಬರು. ಯಜಮಾನರಿಗೆ ಈ ಕೆಲಸ ಕಲಿಸಿದವರೇ ಅವರು. ನೆಂಟರಲ್ಲದಿದ್ದರೂ ನಾನು ಅವರನ್ನು ಮಾವ ಅನ್ನುತ್ತಿದ್ದೆ.

ಅದಕ್ಕೆ ಮೊದಲು ನಾನು ಆರು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಮಾಡುತ್ತಿದ್ದೆ. ಒಂದು ದಿನ ನಮ್ಮ ಲೈನನ್ನೇ ನಿಲ್ಲಿಸಿದರು. ಬೇರೆ ಕಡೆ ಹುಡುಕುವ ತನಕ ಅಂಗಡಿಯಲ್ಲಿ ಕೂತಿರು ಎಂದರು ಯಜಮಾನರು. ಫ್ಯಾಕ್ಟರಿ ಬಿಟ್ಟದ್ದಕ್ಕೆ ನನಗೆ ದುಃಖವೇನೂ ಇರಲಿಲ್ಲ. ಗಂಟೆಗೆ ಇಷ್ಟು ತುಂಡು ಎಂದು ತಲೆಯ ಮೇಲೆ ನಿಂತು ಕೂಗುವ ಸೂಪರ್‌ವೈಸರನ ದನಿ ಭಾನುವಾರವೂ ಕಿವಿಯಲ್ಲಿ ಇರುತ್ತಿತ್ತು. ಆದರೆ ಅಲ್ಲಿ ಒಂದು ಮಾತು ನಿಜ. ಚೀಟಿ ಇಲ್ಲದ ಬಟ್ಟೆಯ ಕಟ್ಟು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿರಲಿಲ್ಲ.

ನಮ್ಮ ಅಂಗಡಿಯಲ್ಲಿ ಚೀಟಿಯ ಮಾತೇ ಇರಲಿಲ್ಲ. ಮೋಟಾರಿನ ಮೈಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುವುದು, ಅಷ್ಟೇ. ನಮ್ಮ ಸೀಮೆಯಲ್ಲಿ ಅರ್ಧ ಗಂಡಸರಿಗೆ ಬೆಟ್ಟದ ದೇವರ ಹೆಸರೇ. ಒಂದೇ ಹೆಸರಿನ ಮೂರು ಮೋಟಾರು ಪಕ್ಕಪಕ್ಕ ಮಲಗಿರುತ್ತಿದ್ದವು. ಎಣ್ಣೆಕೈ ತಾಗಿದರೆ ಆ ಹೆಸರೂ ಮಾಯ. ನಾನು ಕೇಳಿದರೆ ಯಜಮಾನರು ತಲೆ ಮುಟ್ಟಿ ತೋರಿಸಿ, "ಎಲ್ಲ ಇಲ್ಲೇ ಅದ ಬಿಡು" ಎನ್ನುತ್ತಿದ್ದರು. ಬಂದವರೆಲ್ಲರಿಗೂ ಅವರು ಹೇಳುತ್ತಿದ್ದದ್ದು ಒಂದೇ ಮಾತು, ನಾಳೆ. ನಾಳೆ ಬಂದವರಿಗೆ ಸಂಜೆ. ಸಂಜೆಯವರೆಗೆ ಕೂತವರಿಗೆ ಮತ್ತೆ ನಾಳೆ.

ಹೂಗ್ಯಂನಿಂದ ಒಬ್ಬ ಹೆಂಗಸು ಬರುತ್ತಿದ್ದರು. ಐವತ್ತರ ಆಸುಪಾಸು, ಸಣಕಲು ಮೈ, ಯಾವಾಗಲೂ ಒಂದು ಬಟ್ಟೆಚೀಲ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಅಕ್ಕ ತಂಗಿ ಇಬ್ಬರೂ ಸೇರಿ ಕೊಳವೆಬಾವಿಯ ನೀರಿನಲ್ಲಿ ಟೊಮೆಟೊ ಹಾಕಿದ್ದರು. ಮೂರು ಸಲ ಬಂದು ಬರಿಗೈಯಲ್ಲಿ ಹೋಗಿದ್ದರು. ನಾಲ್ಕನೆಯ ಸಲ ಬಂದಾಗ ಯಜಮಾನರು, "ರೆಡಿ ಅದ ಕಣಕ್ಕ, ತಕಂಡೋಗಿ" ಎಂದು ಅವರ ಗಂಡನ ಹೆಸರು ಬರೆದಿದ್ದ ಮೋಟಾರನ್ನು ಗೂಡ್ಸ್ ಆಟೋಗೆ ಹತ್ತಿಸಿಕೊಟ್ಟರು. ಅವರು ಹೋದ ಮೇಲೆ ಒಂದು ಭಾರ ಇಳಿಯಿತು ಅಂತ ನಾವಿಬ್ಬರೂ ಟೀ ತರಿಸಿ ಕುಡಿದೆವು.

ಮರುದಿನ ಮಧ್ಯಾಹ್ನ ಅವರ ಫೋನು. ಮೋಟಾರು ಇಳಿಸಿ ಸ್ವಿಚ್ಚು ಹಾಕಿದರೆ ಸ್ಟಾರ್ಟರು ಹಿಡಿದು ನಿಲ್ಲುತ್ತಿಲ್ಲ, ಟಪ್ ಎಂದು ಕಡಿದುಬಿಡುತ್ತದೆ. ಯಜಮಾನರು ಸನ್ನೆಯಲ್ಲೇ, ಸ್ಟಾರ್ಟರು ನೋಡಿಸಲು ಹೇಳು ಎಂದರು. ಹೇಳಿದೆ. ಸಂಜೆ ಮತ್ತೆ ಫೋನು. ಆಗ ನನಗೆ ತಡೆಯಲಾಗಲಿಲ್ಲ.

"ನಾಳೆ ಬೆಳಗ್ಗೆ ನಾವೇ ಓಗಿ ನೋಡ್ಕಂಡು ಬರೋಣ" ಎಂದೆ.

"ಹೂಗ್ಯಂಗ? ಒಂದು ದಿನ ಓಯ್ತದ. ಇಲ್ಲಿ ಯಾರು ನೋಡೋರು?"

"ಒಂದು ದಿನ ಓದ್ರ ಓಗ್ಲಿ. ಆಯಮ್ಮಂಗ ನಾಕು ದಿನ ಓಗಿಲ್ವಾ?"

ಬೆಳಗ್ಗೆ ಬೈಕಿನಲ್ಲಿ ಹೊರಟೆವು. ಹನೂರು ದಾಟಿ, ರಾಮಾಪುರ ದಾಟಿ, ಕಾಡಿನ ಅಂಚಿಗೆ ಅಂಟಿಕೊಂಡ ಆ ತೋಟ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಅಲ್ಲಿ ಆರು ಜನ ಸರಪಳಿ ಹಿಡಿದು, ಒಂದೊಂದೇ ಪೈಪು ಕಳಚುತ್ತ ಮೋಟಾರನ್ನು ಮೇಲಕ್ಕೆ ಎತ್ತುತ್ತಿದ್ದರು. ಅಕ್ಕಪಕ್ಕದ ತೋಟದವರು ತಮ್ಮ ಕೆಲಸ ಬಿಟ್ಟು ಬಂದಿದ್ದರು. ಹಿಂದಿನ ದಿನ ಇಳಿಸಲೂ ಅವರೇ ಬಂದಿದ್ದರಂತೆ. ತಮಿಳುನಾಡಿನ ಗಡಿಗೆ ಹತ್ತಿರದ ಊರು ಅದು; ತಂಗಿ ತಮಿಳಿನಲ್ಲಿ ಅಕ್ಕನಿಗೆ ಏನೋ ಕೇಳಿದಳು. ಅಕ್ಕ ಸುಮ್ಮನಿರು ಅನ್ನುವ ಹಾಗೆ ಕೈ ತೋರಿಸಿದರು.

ಮೋಟಾರು ಮೇಲೆ ಬಂತು. ಯಜಮಾನರು ಅದರ ಕೆಸರು ಒರೆಸಿ, ಮೈಮೇಲೆ ಕಂಪನಿ ಕೊರೆದಿದ್ದ ಅಂಕಿ ನೋಡಿದರು. ಏಳೂವರೆ ಎಚ್‌ಪಿ. ಆಯಮ್ಮನದು ಐದು ಎಚ್‌ಪಿ; ಐದರ ಸ್ಟಾರ್ಟರು ಏಳೂವರೆಯನ್ನು ತಡೆಯುತ್ತಿರಲಿಲ್ಲ. ಅದು ಮಾಂಬಳ್ಳಿಯ ಯಾರದೋ ಮೋಟಾರು, ಅದೇ ಹೆಸರಿನವರದು. ಯಜಮಾನರು ಕೂತಲ್ಲಿಂದ ಏಳಲಿಲ್ಲ.

"ನಂದು ಎಲ್ಲಿ ಅದ?" ಎಂದರು ಆಯಮ್ಮ.

ಯಜಮಾನರು ನನ್ನ ಮುಖ ನೋಡಿದರು. ನನಗೂ ಹೊಳೆಯಿತು. ಅಂಗಡಿಯ ಮೂಲೆಯಲ್ಲಿ ಚೀಲ ಮುಚ್ಚಿಕೊಂಡು ಬಿದ್ದಿದ್ದ ಒಂದು ಐದು ಎಚ್‌ಪಿ ಮೋಟಾರು. ಅದನ್ನು ಯಾರೂ ಬಿಚ್ಚಿಯೇ ಇರಲಿಲ್ಲ.

"ಅಂಗಡೀಲೇ ಅದ ಕಣಕ್ಕ. ಇನ್ನೂ ಮುಟ್ಟಿಲ್ಲ" ಎಂದರು ಯಜಮಾನರು. ಅದು ಅವರು ಆ ಹೆಂಗಸಿಗೆ ಹೇಳಿದ ಮೊದಲ ನಿಜ.

ಆಯಮ್ಮ ಕೂಗಾಡುತ್ತಾರೆ ಎಂದು ನಾನು ಕಾದೆ. ಸುತ್ತ ನಿಂತ ಗಂಡಸರು ಆಗಲೇ ದನಿ ಏರಿಸಿದ್ದರು. ಆಯಮ್ಮ ಮಾತ್ರ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೆಲ್ಲಗೆ ಹೇಳಿದರು: "ನಾಳೆ ಅನ್ನದು ನಿಮ್ಗ ಒಂದು ಮಾತು ಕಣಪ್ಪ. ನಂಗ ಎರಡು ಬಸ್ಸು, ಒಂದು ದಿನದ ಕೆಲಸ. ಹದಿನೈದು ದಿನ ಆಗಲ್ಲ ಅಂತ ಅವತ್ತೇ ಅಂದಿದ್ರ, ಪಕ್ಕದ ತೋಟದೋರ್ತಾವ ನೀರು ಕೇಳ್ಕತಿದ್ದೆ. ಅವ್ರು ಕೊಡೋರು. ನಾಳೆ ಬತ್ತದ ಅಂದ್ಕಂಡು ನಾನು ಯಾರನ್ನೂ ಕೇಳ್ನಿಲ್ಲ."

ಪಕ್ಕದ ತೋಟದವರು ಅಲ್ಲೇ ನಿಂತಿದ್ದರು. "ಇವತ್ತಿಂದ ನೀರು ಬುಡ್ತೀನಿ ಬಾರಕ್ಕ" ಎಂದರು. ಅಷ್ಟು ಸುಲಭದಲ್ಲಿ ಆಗಬಹುದಾಗಿದ್ದ ಕೆಲಸ ಅದು. ಬದುವಿನಾಚೆ ಟೊಮೆಟೊ ಗಿಡಗಳು ತಲೆ ಬಾಗಿಸಿಕೊಂಡಿದ್ದವು, ಆದರೆ ಇನ್ನೂ ಸತ್ತಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬರುವಷ್ಟು ಸಮಾಧಾನವಾಯಿತು.

ಬರುವಾಗ ಹನೂರಿನಲ್ಲಿ ಟೀ ಅಂಗಡಿಯ ಮುಂದೆ ಯಜಮಾನರು ಬೈಕು ನಿಲ್ಲಿಸಿದರು. ಲೋಟ ಕೈಯಲ್ಲೇ ಇತ್ತು, ಕುಡಿಯಲಿಲ್ಲ.

"ನಾಳೆ ಅನ್ನುವಾಗ ಆಗಲ್ಲ ಅಂತ ನಂಗ ಗೊತ್ತಿರ್ತದ" ಎಂದರು. "ಮುಖ ನೋಡ್ತೀನಿ. ಅಷ್ಟು ದೂರದಿಂದ ಒತ್ಕಂಡು ಬಂದವ್ರ. ಇಲ್ಲ ಅನ್ನಕ್ಕ ಬಾಯಿ ಬರಲ್ಲ. ಆಮೇಲ ಫೋನ್ ಬಂದ್ರ ಎದ್ದು ಒಳಕ್ಕ ಓಗ್ಬುಡ್ತೀನಿ."

ಹನ್ನೊಂದು ವರ್ಷದ ಸಂಸಾರದಲ್ಲಿ ಅವರು ಇದನ್ನು ನನಗೆ ಹೇಳಿರಲಿಲ್ಲ. ಮೈಗಳ್ಳತನ, ಇಲ್ಲವೇ ದೊಡ್ಡಸ್ತಿಕೆ ಅಂತ ನಾನು ಅಂದುಕೊಂಡಿದ್ದೆ. ಅವತ್ತು ಸಂಜೆ ಅಂಗಡಿಗೆ ಬಂದ ಕೂಡಲೇ ಯಜಮಾನರು ಆಯಮ್ಮನ ಮೋಟಾರನ್ನು ಬಿಚ್ಚಿದರು. ಶುಕ್ರವಾರ ತಂದುಕೊಡುತ್ತೇವೆ ಎಂದು ಫೋನು ಮಾಡಿಸಿದರು. ಬೇರೆ ಯಾವುದನ್ನೂ ಮುಟ್ಟದೆ ಅದೊಂದನ್ನೇ ಮುಗಿಸಿ, ಗುರುವಾರ ಪರೀಕ್ಷೆ ಮಾಡಿ, ಶುಕ್ರವಾರ ತಾವೇ ಹೋಗಿ ಇಳಿಸಿ ನೀರು ಬರುವುದನ್ನು ನೋಡಿಕೊಂಡು ಬಂದರು. ಚೀಲದ ತುಂಬ ಅವರೆಕಾಯಿ ಕೊಟ್ಟು ಕಳಿಸಿದ್ದರು ಆಯಮ್ಮ. ಮಾಂಬಳ್ಳಿಯವರ ಮೋಟಾರನ್ನು ಮಾವನೇ ಮನೆಗೆ ಹೋಗುವಾಗ ಜೊತೆಯಲ್ಲಿ ಒಯ್ದು ಕೊಟ್ಟು, ಅವರಿಂದ ಬೈಸಿಕೊಂಡು ಬಂದರು.

ಆ ಭಾನುವಾರ ಬಾಗಿಲು ಅರ್ಧ ಎಳೆದುಕೊಂಡು ನಾನು ಎಣಿಸಿದೆ. ಅಂಗಡಿಯಲ್ಲಿ ಇಪ್ಪತ್ತೇಳು ಮೋಟಾರಿದ್ದವು. ಹತ್ತೊಂಬತ್ತನ್ನು ಬಿಚ್ಚಿಟ್ಟಿದ್ದರು. ಒಂದೂ ಮುಗಿದಿರಲಿಲ್ಲ. ಯಾಕೆ ಹೀಗೆ ಎಂದು ಕೇಳಿದೆ. ಬಂದವರಿಗೆ ತಮ್ಮ ಮೋಟಾರು ಬಿಚ್ಚಿದ್ದು ಕಂಡರೆ ಸಮಾಧಾನ, ಅದಕ್ಕೆ ಅವರ ಕಣ್ಣೆದುರೇ ಬಿಚ್ಚುತ್ತೇನೆ ಎಂದರು ಯಜಮಾನರು. ಅವರು ಬಸ್ಸು ಹತ್ತಿದ ಮೇಲೆ ಇನ್ನೊಬ್ಬರು ಬರುತ್ತಾರೆ. ಅವರದನ್ನೂ ಬಿಚ್ಚುವುದು. ಹತ್ತೊಂಬತ್ತು ಮೋಟಾರಿನ ಬೋಲ್ಟು, ಬುಷ್ಷು, ವಾಷರುಗಳೆಲ್ಲ ಎರಡು ಬಾಣಲೆಯಲ್ಲಿ ಕಲೆತು ಕೂತಿದ್ದವು. ದಿನದಲ್ಲಿ ಎಷ್ಟು ಹೊತ್ತು ಕೆಲಸ, ಎಷ್ಟು ಹೊತ್ತು ಹುಡುಕಾಟ ಎಂದು ಯಾರಿಗೂ ಗೊತ್ತಿರಲಿಲ್ಲ.

ನಾನು ಹುರುಪಿನಿಂದ ಶುರುಮಾಡಿದೆ, ಶುರುವಿನಲ್ಲೇ ಕೆಡಿಸಿದೆ. ದೊಡ್ಡ ರಿಜಿಸ್ಟರಿನಲ್ಲಿ ಒಂಬತ್ತು ಕಾಲಂ ಗೀಟು ಹಾಕಿದೆ. ಬಿಚ್ಚಿದ ಹೊತ್ತು, ಸುತ್ತಲು ಕೂತ ಹೊತ್ತು, ಎದ್ದ ಹೊತ್ತು, ಎಲ್ಲ ಬರೆಯಬೇಕು ಎಂದೆ. ಗೋಡೆಗೆ ಒಂದು ಗಡಿಯಾರ ತಂದು ಹಾಕಿದೆ. ನಾನು ಯಾವ ದನಿಯನ್ನು ದ್ವೇಷಿಸುತ್ತಿದ್ದೆನೋ ಅದೇ ದನಿ ನನ್ನ ಬಾಯಿಂದ ಬರುತ್ತಿತ್ತು. ನಾಲ್ಕನೆಯ ದಿನ, "ಮಾವ, ನಿನ್ನೆಗಿಂತ ಅರ್ಧ ಗಂಟೆ ಜಾಸ್ತಿ ಆಯ್ತಲ್ಲ?" ಎಂದೆ.

ಮಾವ ಕೈಯಲ್ಲಿದ್ದ ತಂತಿಯ ತುದಿಯನ್ನು ಜೋಪಾನವಾಗಿ ಮಡಚಿಟ್ಟರು. ಎದ್ದು ಅಂಗಿ ಹಾಕಿಕೊಂಡರು. "ಇದೇನವ್ವ, ಇಲ್ಲೂ ಗಾರ್ಮೆಂಟ್ಸ್ ಮಾಡಿಯಾ? ನಾನು ಬತ್ತೀನಿ" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ನಾನೊಬ್ಬಳೇ ಬಸ್ಸು ಹತ್ತಿ ಮಾಂಬಳ್ಳಿಗೆ ಹೋದೆ. ಮಾವ ಜಗುಲಿಯಲ್ಲಿ ಕೂತು ಒಂದು ಹಳೆಯ ಫ್ಯಾನು ಬಿಚ್ಚಿಕೊಂಡಿದ್ದರು. ಕೂತುಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವರ ಹೆಂಡತಿ ನೀರು ತಂದುಕೊಟ್ಟರು.

"ತಪ್ಪಾಯ್ತು ಮಾವ. ಗಡಿಯಾರ ತೆಗ್ದಾಕಿದೀನಿ" ಎಂದೆ.

ಅವರು ಫ್ಯಾನಿನ ರೆಕ್ಕೆ ಒರೆಸಿ ಪಕ್ಕಕ್ಕಿಟ್ಟರು. ಆಮೇಲೆ ಹೇಳಿದ ಮಾತು ನಮ್ಮ ಅಂಗಡಿಯನ್ನು ನೆಟ್ಟಗೆ ಮಾಡಿತು.

"ಕೇಳು. ನಾನು ಬೆಳಗ್ಗಿಂದ ಸಂಜೆಗಂಟ ಯಾರೂ ಎಬ್ಬಿಸ್ದಂಗ ಕೂತ್ರ ಒಂದು ಮೋಟ್ರು ಸುತ್ತೀನಿ. ನಿನ್ ಗಂಡ ಒಂದು. ಸುತ್ತಿದ್ದನ್ನ ನೀರಿನ ತೊಟ್ಟೀಲಿ ಒಂದು ದಿನ ನೆನೆಯಾಕಿ ಟೆಸ್ಟ್ ಮಾಡ್ಬೇಕು, ಇಲ್ದಿದ್ರ ಬಾವಿ ಒಳಗ ಓಗಿ ಸುಟ್ಟೋಯ್ತದ. ತೊಟ್ಟಿಗ ಹಿಡ್ಸದೂ ಎರಡೇ. ದಿನಕ್ಕ ಎರಡು. ನೀನು ಗಡಿಯಾರ ನೋಡ್ಕಂಡು ನಿಂತ್ರೂ ಎರಡು, ನೋಡ್ದಿದ್ರೂ ಎರಡು. ಅವನು ದಿನಕ್ಕ ಐದು ಜನಕ್ಕ ನಾಳೆ ಅಂತಾನಲ್ಲ, ಎಲ್ಲಿಂದ ತತ್ತಾನ?"

ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಬೆರಳು ಮಡಚಿ ಲೆಕ್ಕ ಹಾಕುತ್ತಲೇ ಇದ್ದೆ. ಬಂದದ್ದೂ ಸೇರಿ ಸಾಲಿನಲ್ಲಿ ಹತ್ತು ಮೋಟಾರಿದ್ದರೆ ಐದು ದಿನ, ಹದಿನಾರಿದ್ದರೆ ಎಂಟು. ನೆನೆಯಲು ಒಂದು ದಿನ ಸೇರಿಸಿದರೆ ಯಾರಿಗೇ ಆಗಲಿ ನಿಜವಾದ ದಿನ ಹೇಳಬಹುದು. ಇಷ್ಟೇನಾ ಅನ್ನಿಸಿತು.

ಮರುದಿನ ಮಾವ ಕೆಲಸಕ್ಕೆ ಬಂದರು. ರಿಜಿಸ್ಟರನ್ನು ಮುಚ್ಚಿಟ್ಟೆವು. ಯಜಮಾನರು ಹಳೆಯ ಎಣ್ಣೆ ಡಬ್ಬದ ತಗಡು ಕತ್ತರಿಸಿ ಸಣ್ಣ ಸಣ್ಣ ಬಿಲ್ಲೆ ಮಾಡಿ, ಒಂದೊಂದು ಅಂಕಿಗೆ ಎರಡೆರಡು ಕೊರೆದರು. ಮೋಟಾರು ಬಂದ ಕೂಡಲೇ ಒಂದು ಬಿಲ್ಲೆಯನ್ನು ತಂತಿಯಿಂದ ಅದಕ್ಕೆ ಬಿಗಿಯುವುದು, ಅದೇ ಅಂಕಿಯ ಇನ್ನೊಂದನ್ನು ತಂದವರ ಕೈಗೆ ಕೊಡುವುದು. ಹೆಸರಿನ ಗೊಡವೆಯೇ ಇಲ್ಲ; ಗೋಡೆಯ ಕ್ಯಾಲೆಂಡರಿನಲ್ಲಿ ಕೊಡುವ ದಿನದ ಮೇಲೆ ಆ ಅಂಕಿ, ಫೋನು ನಂಬರು, ಅಷ್ಟೇ. ಬೋಲ್ಟು, ಬುಷ್ಷುಗಳಿಗೆ ಪ್ರತಿ ಮೋಟಾರಿಗೂ ಒಂದು ಪ್ಲಾಸ್ಟಿಕ್ ಬುಟ್ಟಿ, ಅದಕ್ಕೂ ಅದೇ ಅಂಕಿ. ಬಂದ ಸಾಲಿನಲ್ಲೇ ಕೆಲಸ. ಮೇಜಿನ ಮೇಲಿರುವುದು ಮುಗಿದು ತೊಟ್ಟಿಗೆ ಇಳಿಯುವ ತನಕ ಇನ್ನೊಂದನ್ನು ಬಿಚ್ಚುವ ಹಾಗಿಲ್ಲ, ತಂದವರು ಎಷ್ಟೇ ದೊಡ್ಡವರಾಗಲಿ. ತೊಟ್ಟಿಯಲ್ಲಿ ಒಂದು ದಿನ ನೆನೆಯದ ಮೋಟಾರು ಬಾಗಿಲು ದಾಟುವ ಹಾಗಿಲ್ಲ. ಬಿಚ್ಚಿಟ್ಟಿದ್ದ ಹಳೆಯ ಹತ್ತೊಂಬತ್ತರ ಒಡೆಯರಿಗೆಲ್ಲ ನಾನೇ ಫೋನು ಮಾಡಿ, ಒಬ್ಬೊಬ್ಬರಿಗೂ ಅವರವರ ದಿನ ಹೇಳಿದೆ. ಇಬ್ಬರು ಬೈದರು. ಉಳಿದವರು, "ಸದ್ಯ, ಏಳುದ್ರಲ್ಲ" ಎಂದರು.

ಯಜಮಾನರಿಗೆ ಕಷ್ಟವಾದದ್ದು ಬಿಲ್ಲೆಯಲ್ಲ, ಬಾಯಿ. ಹೊನ್ನೂರಿನ ಒಬ್ಬರು ಕಬ್ಬಿನ ತೋಟದ ಮೋಟಾರು ತಂದಾಗ ಅದೂ ಸೇರಿ ಸಾಲಿನಲ್ಲಿ ಹದಿನಾರು ಇದ್ದವು. ಯಜಮಾನರು ನನ್ನ ಕಡೆ ತಿರುಗಿದರು. ನಾನು ಬೇಕೆಂದೇ ನೆಲ ನೋಡಿದೆ.

"ಒಂಬತ್ತು ದಿನ ಆಯ್ತದ ಸಾ" ಎಂದರು, ಕಳ್ಳತನ ಒಪ್ಪಿಕೊಂಡವರ ಹಾಗೆ.

"ಒಂಬತ್ತು ದಿನಾನಾ! ಏನು ಅಂಗಡಿ ಮಡಗಿದ್ದಯ್ಯ?" ಎಂದು ಅವರು ಮೋಟಾರನ್ನು ಮತ್ತೆ ಆಟೋಗೆ ಹಾಕಿಸಿಕೊಂಡು ಹೋದರು. ಯಜಮಾನರ ಮುಖ ಸಣ್ಣಗಾಯಿತು. ಅವರು ಮತ್ತೆ ಬರಲೂ ಇಲ್ಲ. ಆದರೆ ಅದೇ ದಿನ ಸಂಜೆ ಯಳಂದೂರಿನ ಕಡೆಯ ಇನ್ನೊಬ್ಬರು ಬಂದು, ಅದೇ ಮಾತು ಕೇಳಿ, ತಲೆ ಕೆರೆದುಕೊಂಡು ಯೋಚಿಸಿದರು.

"ಒಂಬತ್ತು ಅಂದ್ರ ಒಂಬತ್ತೇನಾ?"

"ಒಂಬತ್ತೇ."

"ಅಂಗಾದ್ರ ಸರಿ. ನಾಟಿ ಒಂದು ವಾರ ಮುಂದಕ್ಕ ಆಕ್ತೀನಿ, ಆಳುಗಳಿಗ ಇವತ್ತೇ ಏಳ್ಬುಡ್ತೀನಿ" ಎಂದು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಹೊರಟರು.

ಅವರು ಹೋದ ಮೇಲೆ ಯಜಮಾನರು ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದರು. "ಏನೂ ಅನ್ನಲೇ ಇಲ್ವಲ್ಲೇ" ಎಂದರು ನನಗೆ. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದರೋ ಅದು ಅಷ್ಟು ದೊಡ್ಡದಾಗಿರಲಿಲ್ಲ ಎಂದು ಅವರಿಗೆ ಆಗ ತಿಳಿಯಿತು ಅಂತ ಕಾಣುತ್ತದೆ. ಕೆಲವೇ ದಿನಗಳಲ್ಲಿ ಫೋನು ಬಂದರೆ ತಾವೇ ಎತ್ತುವುದಕ್ಕೆ ಶುರುಮಾಡಿದರು. ಬಿಲ್ಲೆ ಅಂಕಿ ಹೇಳಿ, ಎನ್ನುತ್ತಿದ್ದರು. ಕ್ಯಾಲೆಂಡರು ನೋಡಿ, ಸೋಮವಾರ ಎನ್ನುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕರೆಂಟು ಹೋಗಿ ದಿನ ತಪ್ಪುವ ಹಾಗಾದರೆ ಅವರು ಕೇಳುವ ಮೊದಲೇ ಇವರು ಫೋನು ಮಾಡಿಬಿಡುತ್ತಿದ್ದರು. ಒಂದೊಂದು ದಿನ ಎರಡಕ್ಕಿಂತ ಹೆಚ್ಚು ಮಾಡಲು ಆಸೆಪಟ್ಟು ಈಗಲೂ ಮುಗ್ಗರಿಸುತ್ತಾರೆ. ಬೇಸಿಗೆಯಲ್ಲಂತೂ ಸಾಲು ಬಾಗಿಲ ಹೊರಗೆ ಬೆಳೆಯುತ್ತದೆ. ಆದರೆ ಯಾರೂ ಸುಮ್ಮನೆ ಬಸ್ಸು ಹತ್ತಿ ಬಂದು ಕೂರುವುದಿಲ್ಲ.

ನಾನು ಬೇರೆ ಕೆಲಸ ಹುಡುಕುವುದನ್ನು ಬಿಟ್ಟೆ. ಬಿಟ್ಟೆ ಎಂದು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಉಳಿದದ್ದು ಮಾವನ ತಲೆ. ಯಾವ ಕಂಪನಿಯ ಯಾವ ಮೋಟಾರಿಗೆ ಯಾವ ದಪ್ಪದ ತಂತಿ, ಎಷ್ಟು ಸುತ್ತು ಎನ್ನುವುದೆಲ್ಲ ಅವರ ಬಾಯಲ್ಲೇ ಇತ್ತು. ಬರೆದುಕೊಳ್ಳುತ್ತೇನೆ ಎಂದು ನಾನು ಕೇಳಿದಾಗ ಅವರು ನಕ್ಕರು, ಆದರೆ ಆ ನಗು ಸರಿಯಿರಲಿಲ್ಲ.

"ನಾನು ಸತ್ರ ಬೇಕಾಯ್ತದ ಅಂತ ತಾನೆ?"

"ಅಲ್ಲ ಮಾವ. ನೀವು ಗದ್ದೆ ಕುಯ್ಲಿಗ ಓದ್ರ ಇವ್ರು ದಿನಕ್ಕ ಹತ್ತು ಸಲ ಫೋನ್ ಮಾಡ್ತಾರಲ್ಲ, ಅದಕ್ಕ."

ಅದು ನಿಜವಾಗಿತ್ತು. ಹಿಂದಿನ ವರ್ಷ ಭತ್ತದ ಕಟಾವಿನ ನಡುವೆ ಎರಡು ಸಲ ಕುಡುಗೋಲು ಬಿಟ್ಟು ಅಂಗಡಿಗೆ ಓಡಿಬಂದಿದ್ದರು. ಮಾವ ಕೆಲಸಕ್ಕೆ ಕೂತರು. ತಂತಿ ಎಳೆಯುತ್ತಲೇ, "ಬರ್ಕೋ" ಎಂದರು. ಮೋಟಾರು ಬಂದ ಹಾಗೆ ಒಂದೊಂದಾಗಿ ಬರೆದುಕೊಂಡೆ. ಅರ್ಧ ವರ್ಷ ಹಿಡಿಯಿತು. ನಾನು ಬರೆದದ್ದನ್ನು ಓದಿಸಿ ಕೇಳಿ, ತಪ್ಪಿದ್ದರೆ ತಿದ್ದಿಸುತ್ತಿದ್ದರು. ಕೊನೆಕೊನೆಗೆ ಅವರೇ ಕರೆದು, ಇದನ್ನ ಬರ್ದಿಲ್ಲ ನೋಡು ಎನ್ನುತ್ತಿದ್ದರು.

ಆ ವರ್ಷ ಕಟಾವಿಗೆ ಮಾವ ಹತ್ತು ದಿನ ರಜೆ ಹಾಕಿದರು. ನಾವು ಒಂದು ಸಲವೂ ಫೋನು ಮಾಡಲಿಲ್ಲ. ಆ ಹತ್ತು ದಿನ ಬಂದವರಿಗೆಲ್ಲ ದಿನಕ್ಕೆ ಒಂದೇ ಮೋಟಾರು ಎಂದು ಲೆಕ್ಕ ಹಾಕಿ ದಿನ ಹೇಳಿದೆವು. ನಡುವೆ ನಾನು ಮಾವನ ಜಾಗದಲ್ಲಿ ಕೂತು, ಹಾಳೆ ಮುಂದಿಟ್ಟುಕೊಂಡು, ಯಜಮಾನರು ತೋರಿಸಿದ ಹಾಗೆ ಒಂದು ಸಣ್ಣ ಮೋಟಾರನ್ನು ಸುತ್ತಿದೆ. ಮೂರು ದಿನ ಬೇಕಾಯಿತು. ಬೆರಳ ತುದಿಯೆಲ್ಲ ಕೆಂಪಾಯಿತು. ತೊಟ್ಟಿಯಲ್ಲಿ ನೆನೆಸಿ ಯಜಮಾನರು ಮೀಟರು ಹಿಡಿದಾಗ ನಾನು ನೋಡಲಾರದೆ ಬೀದಿಗೆ ಹೋಗಿ ನಿಂತೆ. "ಬಾ ಒಳಕ್ಕ, ಪಾಸು" ಎಂದು ಅವರು ಕೂಗಿದರು.

ಮಾವ ಹನ್ನೊಂದನೆಯ ದಿನ ಬಂದರು. ಬಿಸಿಲಿಗೆ ಕಪ್ಪಾಗಿದ್ದರೂ ಮುಖ ಗೆಲುವಾಗಿತ್ತು. ಹೊಸ ಅಕ್ಕಿಯ ಚೀಲವೊಂದನ್ನು ಮೂಲೆಯಲ್ಲಿಟ್ಟು, ನಾನು ಸುತ್ತಿದ ಮೋಟಾರಿನೊಳಗೆ ಟಾರ್ಚು ಬಿಟ್ಟು ನೋಡಿದರು. ಒಂದು ಕಡೆ ಬೆರಳಿಟ್ಟು, "ಇಲ್ಲಿ ಒಸಿ ಸಡಿಲ ಬುಟ್ಟಿದ್ದೀಯ" ಎಂದರು. ಇನ್ನೊಮ್ಮೆ ನೋಡಿದರು. "ಓಡ್ತದ. ಕೊಡ್ಬೋದು" ಎಂದು ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಆ ದಿನದ ಮೊದಲ ಮೋಟಾರನ್ನು ಮೇಜಿಗೆ ಎಳೆದುಕೊಂಡರು.